ಮ್ಯಾಟಿನ ಕೆಳಗಿನ ಅಂಚು

ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಉಸಿರಾಡುತ್ತಿದ್ದಾರೆ ಎಂಬುದು ಪೂರ್ತಿ ಎಚ್ಚರವಾಗುವ ಮೊದಲೇ ಡೆಸ್ಮಂಡನಿಗೆ ಗೊತ್ತಾಗಿತ್ತು. ಕೊಲ್ಲಿ ನಾಡಿನ ಹಮ್ರಿಯಾದ ಈ ಫ್ಲಾಟಿನ ಬೆಳಗಿನ ಸದ್ದುಗಳೆಲ್ಲ ಅವನಿಗೆ ಪರಿಚಯದವು: ಫ್ರಿಜ್ಜಿನ ಗೊರಗೊರ, ಮೇಲಿನ ಮನೆಯ ಮಿಕ್ಸಿ, ಕೆಳಗಿನ ಅಂಗಡಿಯ ಶಟರ್. ಅವುಗಳ ನಡುವೆ ಈ ಉಸಿರು ಬಂದು ಸೇರಿಕೊಂಡು ಮನೆಯನ್ನೇ ಬೇರೆ ಯಾರದ್ದೋ ಮಾಡಿಬಿಟ್ಟಿತ್ತು. ಹೆಂಡತಿ ಜೊವಿಟಾ ಖಸಬ್‌ನ ಆಸ್ಪತ್ರೆಗೆ ನರ್ಸಾಗಿ ಹೋದ ಮೇಲೆ ಆ ಕೋಣೆಯಲ್ಲಿ ಯಾರೂ ಮಲಗಿರಲಿಲ್ಲ. ಒಂದೇ ದೇಶದಲ್ಲಿದ್ದರೂ ರಸ್ತೆಯಲ್ಲಿ ಹೋಗಬೇಕೆಂದರೆ ನಡುವೆ ಇನ್ನೊಂದು ದೇಶದ ನೆಲವನ್ನು ದಾಟಬೇಕಾದ ಊರು ಅದು. ಅವಳು ರಜೆಯಲ್ಲಿ ಬಂದಾಗಲೂ ಮೊದಲ ದಿನ ಇಬ್ಬರೂ ನೆಂಟರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುತ್ತಿದ್ದರು. ಈಗ ಆ ಮಂಚದ ಮೇಲೆ ಮಲಗಿರುವವನು ಹಾಸನದ ಕಡೆಯ ಅಭಿ, ವೇಗದ ಬೌಲರ್. ಅಜ್ಮಾನಿನ ಕಂಪನಿಯೊಂದರ ಟೀಮಿನ ಜೊತೆ ಇದ್ದ ಅವನ ಒಪ್ಪಂದ ಮುಗಿದಿದೆ. ಸದ್ಯ ಅವನು ಯಾರ ಆಳೂ ಅಲ್ಲ. ಹೆಚ್ಚು ಕೊಡುವವರು ಕರೆದುಕೊಳ್ಳಬಹುದು. ಇವತ್ತು ಶುಕ್ರವಾರ ಬೆಳಗ್ಗೆ ಡೆಸ್ಮಂಡನ ಕಂಪನಿಯವರು ಅವನ ಬೌಲಿಂಗ್ ನೋಡುವವರಿದ್ದರು. ಅವನ ಮೇಲೆ ಅಷ್ಟೊಂದು ದುಡ್ಡು ಸುರಿಯಬೇಕೋ ಬೇಡವೋ ಎಂಬುದನ್ನು ಹೇಳಬೇಕಾದವನು ಡೆಸ್ಮಂಡ್. ಮತ್ತು ಅಭಿ ಬಂದರೆ ಯಾರ ಕೈಯಿಂದ ಹೊಸ ಚೆಂಡು ತಪ್ಪಿಹೋಗುವುದೋ ಆ ಬೌಲರೂ ಡೆಸ್ಮಂಡನೇ.

ಈ ಕೆಲಸ ತನ್ನ ತಲೆಗೆ ಬಂದದ್ದು ಹೇಗೆ ಎಂದು ಅವನು ಮಲಗಿದಲ್ಲೇ ಮತ್ತೊಮ್ಮೆ ಹಿಂದಕ್ಕೆ ಹೋಗಿ ನೋಡಿದ. ಕಂಪನಿಯದ್ದು ಏಸಿ ಬಿಡಿಭಾಗಗಳ ವ್ಯಾಪಾರ. ಅಲ್ ಅಜೈಬಾದಲ್ಲಿ ಆಫೀಸು, ಅದರ ಹಿಂದೆ ಗೋದಾಮು, ಗೋದಾಮಿನಲ್ಲಿ ಸ್ಟೋರ್‌ಕೀಪರ್ ಡೆಸ್ಮಂಡ್. ಯಜಮಾನರ ಮಗ ಅಮೆರಿಕದಲ್ಲಿ ಓದಿ ಬಂದವನು. ಅಲ್ಲಿಂದ ಬೇಸ್‌ಬಾಲಿನ ಹುಚ್ಚನ್ನು ಹೊತ್ತುಕೊಂಡು ಬಂದಿದ್ದ. ಅಲ್ಲಿ ಒಳ್ಳೆಯ ಎಸೆತಗಾರನೊಬ್ಬ ಒಪ್ಪಂದ ಮುಗಿದು ಹೊರಗೆ ಬಂದರೆ ಟೀಮುಗಳು ಅವನೊಬ್ಬನ ತೋಳಿಗೆ ಒಂದು ಊರಿನ ಬೆಲೆ ಕೊಡುತ್ತವಂತೆ. ಕೆಲವರಿಗೆ ಅದರಿಂದ ಟ್ರೋಫಿ ಬರುತ್ತದೆ, ಕೆಲವರು ಮುರಿದ ಮೊಣಕೈಯೊಂದಕ್ಕೆ ವರ್ಷಗಟ್ಟಲೆ ಸಂಬಳ ಕೊಡುತ್ತ ಕೂರುತ್ತಾರಂತೆ. ಕಂಪನಿ ಲೀಗಿನಲ್ಲಿ ಒಂದೇ ಡಿವಿಜನ್ನಿನಲ್ಲಿ ಕೊಳೆಯುತ್ತಿರುವ ತಮ್ಮ ಟೀಮಿಗೂ ಹಾಗೊಂದು ತೋಳು ತರೋಣವೇ ಎಂದು ಅವನು ಟೀಮಿನ ಮ್ಯಾನೇಜರ್ ದೊರೆಸ್ವಾಮಿಯವರನ್ನು ಕೇಳಿದ್ದ. ಲೆಕ್ಕಪತ್ರದ ವಿಭಾಗದ ಮುಖ್ಯಸ್ಥರೂ ಆಗಿದ್ದ, ಮೈಸೂರಿನ ದೊರೆಸ್ವಾಮಿ ಆ ಪ್ರಶ್ನೆಯನ್ನು ಹಾಗೆಯೇ ಎತ್ತಿ ಡೆಸ್ಮಂಡನ ಮುಂದಿಟ್ಟಿದ್ದರು.

"ನಂಗೆ ಲೆಕ್ಕ ಗೊತ್ತು ಕಣಯ್ಯ, ಬಾಲು ಗೊತ್ತಿಲ್ಲ. ಬಾಲು ಗೊತ್ತಿರೋನು ನೀನೊಬ್ಬನೇ. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಅಂದಿನಿಂದ ಅವನಿಗೆ ಊಟ ರುಚಿಸಿರಲಿಲ್ಲ. ಮಧ್ಯಾಹ್ನ ಗೋದಾಮಿನ ಕಂಪ್ರೆಸರ್ ಡಬ್ಬಗಳ ನಡುವೆ ಕುಳಿತು ಮೊಬೈಲಿನಲ್ಲಿ ಬೇಸ್‌ಬಾಲ್ ನೋಡಿದ್ದ. ನಿಯಮ ಒಂದೂ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಒಂದೇ: ಮಣ್ಣಿನ ದಿಬ್ಬದ ಮೇಲೆ ಒಬ್ಬನೇ ನಿಂತಿದ್ದ ಆಜಾನುಬಾಹು ಮನುಷ್ಯ ಚೆಂಡೆಸೆದವನೇ ಮೊಣಕೈ ಹಿಡಿದುಕೊಂಡ, ಯಾರೂ ಅವನ ಹತ್ತಿರ ಓಡಿಬರಲಿಲ್ಲ, ತಲೆ ತಗ್ಗಿಸಿ ತಾನೇ ನಡೆದು ಹೊರಗೆ ಹೋದ. ಡೆಸ್ಮಂಡ್ ಆ ತುಣುಕನ್ನು ಮತ್ತೆ ಮತ್ತೆ ನೋಡಿದ್ದ. ಬೌಲರಿನ ಮೇಲೆ ಹಣ ಹಾಕುವುದೆಂದರೆ ಅವನು ಇನ್ನೊಬ್ಬರಿಗಾಗಿ ಆಗಲೇ ತೆಗೆದ ವಿಕೆಟ್ಟುಗಳಿಗೆ ನಾವು ಸಂಬಳ ಕೊಟ್ಟ ಹಾಗಲ್ಲವೇ? ಭುಜವೆಂಬುದು ಸವೆಯುವ ಪಾರ್ಟು, ಅದಕ್ಕೆ ಗ್ಯಾರಂಟಿ ಕಾರ್ಡಿಲ್ಲ. ಆ ಹಣದಲ್ಲಿ ನಮ್ಮದೇ ಹುಡುಗರಿಗೆ ನೆಟ್ಟು ಕಟ್ಟಿಸಿ, ಕಲಿಸುವವನೊಬ್ಬನನ್ನು ಇಟ್ಟರೆ ಹತ್ತು ವರ್ಷ ಬಾಳುತ್ತದೆ. ಇಷ್ಟೂ ಸರಿಯಾದ ಮಾತೇ. ಆದರೆ ಈ ಸರಿಯಾದ ಮಾತನ್ನು ಹೇಳುವ ಬಾಯಿ ಯಾರದು? ಹಗಲು ಮಲ್ಪೆಯ ಐಸ್ ಫ್ಯಾಕ್ಟರಿಯಲ್ಲಿ ಬಿಲ್ಲು ಬರೆದು ಸಂಜೆ ಕಾಲೇಜಿನಲ್ಲಿ ಬಿಕಾಂ ಮಾಡಿದ ದಿನಗಳಿಂದಲೂ ಡೆಸ್ಮಂಡನಿಗೆ ತಾನು ಸರಿಯಾದ ಉತ್ತರ ಕೊಟ್ಟಾಗಲೆಲ್ಲ ಅದನ್ನು ಎಲ್ಲಿಂದಲೋ ಕದ್ದು ತಂದಂತೆ ಅನಿಸುತ್ತಿತ್ತು. ಬೇಡವೆಂದರೆ ಹೊಟ್ಟೆಕಿಚ್ಚು, ಬೇಕೆಂದರೆ ಒಳ್ಳೆಯವನೆನಿಸಿಕೊಳ್ಳುವ ಆಟ. ಕಳೆದ ಸೀಸನ್ನಿನಿಂದ ಕೀಪರ್ ರಾಯ್‌ಸ್ಟನ್ ಅವನ ಬೌಲಿಂಗಿಗೆ ಹಿಂದೆ ನಿಲ್ಲುವುದನ್ನು ಬಿಟ್ಟು ಸ್ಟಂಪಿನ ಬೆನ್ನಿಗೇ ಬಂದು ನಿಲ್ಲುತ್ತಿದ್ದ. ಕೇಳಲಿಲ್ಲ, ಹೇಳಲಿಲ್ಲ, ಒಂದು ಶುಕ್ರವಾರ ಗ್ಲೌಸು ತಟ್ಟಿಕೊಂಡು ಸುಮ್ಮನೆ ಮುಂದೆ ನಡೆದುಬಂದ. ಸ್ಪಿನ್ನರಿಗೆ ನಿಲ್ಲುವ ಜಾಗವದು. ಓಡಿಬರುತ್ತಿದ್ದ ಡೆಸ್ಮಂಡ್ ಅದನ್ನು ಕಂಡು ನಕ್ಕಿದ್ದ, ತಾನೇ ಹಾಗೆ ಹೇಳಿಕೊಟ್ಟವನಂತೆ.

ಇನ್ನೊಂದು ಭಯವೂ ಇತ್ತು. ಅಭಿಗೆ ವೀಸಾ ಬರುವುದು ಬೌಲರ್ ಎಂದಲ್ಲ, ಸ್ಟೋರ್ ಅಸಿಸ್ಟೆಂಟ್ ಎಂದು. ಆಡುವವರನ್ನು ತರುವುದೇ ಹಾಗೆ. ಡೆಸ್ಮಂಡನೂ ಹಾಗೆಯೇ ಬಂದವನು, ಹೆಲ್ಪರ್ ವೀಸಾದ ಮೇಲೆ, ಇದೇ ಫ್ಲಾಟಿಗೆ. ಆಗ ಟೀಮಿನ ಮುಖ್ಯ ಬೌಲರ್ ಆಗಿದ್ದವರು ಬಂಟ್ವಾಳದ ಜಾರ್ಜ್. ವಿಮಾನ ನಿಲ್ದಾಣಕ್ಕೆ ಬಂದು ಅವನ ಚೀಲ ಹೊತ್ತವರೂ, ರಾತ್ರಿ ಕುಚ್ಚಲಕ್ಕಿ ಗಂಜಿಗೆ ಒಣಸಿಗಡಿ ಚಟ್ನಿ ಹಾಕಿ ಬಡಿಸಿದವರೂ ಅವರೇ. ನಿಮ್ಮ ಜಾಗಕ್ಕೇ ನನ್ನನ್ನು ತಂದದ್ದು ಗೊತ್ತುಂಟಾ ಎಂದು ಡೆಸ್ಮಂಡ್ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ಬೌಲಿಂಗಿಗಾಗಿ ಬಂದವನು ಬೌಲಿಂಗ್ ಹೋದರೆ ಎಲ್ಲಿ ಉಳಿಯುತ್ತಾನೆ? ಜಾರ್ಜ್ ಉಳಿದಿರಲಿಲ್ಲ, ಎರಡು ಸೀಸನ್ ಸ್ಕೋರ್ ಬರೆದರು, ಆಮೇಲೆ ಊರಿಗೆ ಹೋದರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಡೆಸ್ಮಂಡ್ ಎದ್ದು ಹೋದರೆ ಅಭಿ ಆಗಲೇ ಚಹಾ ಕುದಿಸಿ ಎರಡು ಲೋಟಕ್ಕೆ ಸೋಸುತ್ತಿದ್ದ. ಜೊವಿಟಾಳ ಲೋಟ ಯಾವುದೆಂದು ಅವನಿಗೇನು ಗೊತ್ತು, ಅದನ್ನೇ ತೆಗೆದುಕೊಂಡಿದ್ದ. ನಿನ್ನೆ ಮಾಡಿದ ಮೀನಿನ ಸಾರು ಇನ್ನೂ ಇದೆಯಾ, ಬ್ರೆಡ್ಡಿನ ಜೊತೆ ತಿನ್ನಬಹುದಾ ಎಂದು ಕೇಳಿದ. ಡೆಸ್ಮಂಡನಿಗೆ ನಗು ಬಂತು. ತನ್ನ ಸಾರನ್ನು ಎರಡನೇ ಸಲ ಕೇಳಿದವರು ಯಾರೂ ಇರಲಿಲ್ಲ. ತಿನ್ನುತ್ತ ಅಭಿ ಒಂದೇ ಸಮನೆ ಮಾತಾಡಿದ: ಅಜ್ಮಾನಿನ ಕ್ಯಾಂಪಿನಲ್ಲಿ ಒಂದು ಕೋಣೆಗೆ ಎಂಟು ಜನ, ವೀಸಾ ಕೊಟ್ಟ ಯಜಮಾನ, ಆ ಕಫೀಲ್, ಒಳ್ಳೆಯವನೇ, ಆದರೆ ಟೀಮು ಮುಚ್ಚಿದ, ಹೊಸ ವೀಸಾ ಆಗದಿದ್ದರೆ ಈ ತಿಂಗಳೇ ಊರಿಗೆ ಹೋಗಬೇಕು, ಊರಲ್ಲಿ ಇಪ್ಪತ್ತೊಂಬತ್ತರ ಬೌಲರಿಗೆ ಯಾರೂ ಚೆಂಡು ಕೊಡುವುದಿಲ್ಲ.

"ಇಲ್ಲಿ ಆದ್ರೆ ನಿಮ್ ಜೊತೆನೇ ಇದ್ಬಿಡ್ತೀನಿ ಅಣ್ಣಾ. ಬಾಡಿಗೆ ಅರ್ಧ ನಂದು, ಪಾತ್ರೆ ಪೂರ್ತಿ ನಂದು."

ಇರಲಿ ಎಂದು ಡೆಸ್ಮಂಡ್ ತಲೆಯಾಡಿಸಿದ. ಆ ಕ್ಷಣ ಅವನಿಗೆ ಅದು ನಿಜವಾಗಿಯೂ ಬೇಕಾಗಿತ್ತು. ಸಂಜೆ ಬಾಗಿಲು ತೆರೆದಾಗ ಒಳಗೆ ದೀಪ ಹೊತ್ತಿರುವುದು, ಯಾರೋ ಟೀವಿಯ ಸದ್ದು ಜಾಸ್ತಿ ಇಟ್ಟಿದ್ದಾರೆಂದು ಗೊಣಗುವುದು. ಹೂಂ ಎಂದರೆ ಮುಗಿಯಿತು, ಅದೆಲ್ಲ ಬರುತ್ತದೆ. ಕಾರಿನಲ್ಲಿ ಹೋಗುವಾಗಲೂ ಅವನು ಮನಸ್ಸಿನಲ್ಲಿ ಹೂಂ ಎಂದುಕೊಳ್ಳುತ್ತಲೇ ಇದ್ದ. ಇಲ್ಲಿ ವಾರದ ರಜೆಯಾದ ಶುಕ್ರವಾರದ ಪೂಜೆಗೆ ಇಗರ್ಜಿಯತ್ತ ಹೊರಟ ಸೀರೆ, ಸೂಟು, ಮಕ್ಕಳ ಗುಂಪು ರಸ್ತೆ ದಾಟುತ್ತಿತ್ತು. ಸೀಸನ್ನಿನಲ್ಲಿ ಬೆಳಗಿನ ಪೂಜೆ ತಪ್ಪಿಸಿ ಸಂಜೆಯದಕ್ಕೆ ಹೋಗುವವನು ಅವನು; ಇವತ್ತು ಯಾಕೋ ಆ ಮಕ್ಕಳು ತನ್ನ ಕಾರನ್ನೇ ನೋಡಿದಂತಾಯಿತು.

ಮೈದಾನವೆಂದರೆ ಗೋದಾಮುಗಳ ಸಾಲು ಮುಗಿದ ಮೇಲಿನ ಜಲ್ಲಿ ನೆಲ. ನಡುವೆ ಸಿಮೆಂಟಿನ ಪಿಚ್ಚು, ಅದರ ಮೇಲೆ ಎಳೆದು ಮೊಳೆ ಹೊಡೆದ ಹಸಿರು ಮ್ಯಾಟು. ಒಂದು ತುದಿ ಸಮುದ್ರದ ಕಡೆ, ಇನ್ನೊಂದು ತುದಿ ಗುಡ್ಡದ ಕಡೆ. ಗುಡ್ಡದ ಕಡೆಯಿಂದ ಓಡಿಬಂದರೆ ಗಾಳಿ ಬೆನ್ನಿಗೆ ಇರುತ್ತದೆ, ವೇಗದವರಿಗೆ ಅದೇ ತುದಿ. ಆದರೆ ಆ ತುದಿಯಲ್ಲಿ ಜಲ್ಲಿ ಸರಿದು ಸರಿದು, ಸಿಮೆಂಟು ಶುರುವಾಗುವಲ್ಲಿ ಹೆಬ್ಬೆರಳೆತ್ತರದ ಒಂದು ಅಂಚು ಎದ್ದುನಿಂತಿತ್ತು. ಮೇಲೆ ಮ್ಯಾಟಿರುವುದರಿಂದ ಕಾಣುವುದಿಲ್ಲ. ಕೊನೆಯ ನೆಗೆತದಲ್ಲಿ ಕಾಲು ಅರ್ಧ ಅದರ ಮೇಲೆ, ಅರ್ಧ ಹೊರಗೆ ಬಿದ್ದರೆ ಕಣಕಾಲು ಹೋಯಿತು. ಹಾಗೆ ಯಾರದ್ದೂ ಹೋಗಿರಲಿಲ್ಲ. ಹಾರುವ ಕಾಲು ತಾನಾಗಿಯೇ ಅದನ್ನು ದಾಟಿ ಬೀಳುತ್ತಿತ್ತು.

ಡೆಸ್ಮಂಡ್ ಮೊದಲ ಸಲ ಇಲ್ಲಿ ಬೌಲ್ ಮಾಡಿದ ಬೆಳಗ್ಗೆ ಜಾರ್ಜ್ ಏನೂ ಹೇಳದೆ ಚೆಂಡು ಕೊಟ್ಟಿದ್ದರು. ಓವರ್ ಮುಗಿದ ಮೇಲೆ ಹತ್ತಿರ ಕರೆದು, ಮ್ಯಾಟಿನ ಮೂಲೆ ಎತ್ತಿ, ಅವನ ಶೂವನ್ನು ಹಿಡಿದು ಆ ಅಂಚಿನ ಮೇಲೆ ಇಟ್ಟಿದ್ದರು. ಡೆಸ್ಮಂಡ್ ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡಿದ್ದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಸಿಟ್ಟಿನಿಂದಲೇ ಕೇಳಿದ್ದ.

"ಮೊದಲೇ ಹೇಳಿದ್ರೆ ಕಾಲಿಗೆ ಕಣ್ಣು ಬರ್ತದೆ ಮಾರಾಯ. ಕಣ್ಣು ಬಂದ ಕಾಲು ಓಡುದಿಲ್ಲ. ಈಗ ನೋಡು, ಒಂದು ಓವರ್ ನೀನೇ ದಾಟಿ ಆಯ್ತಲ್ಲ, ಇನ್ನು ಎಂತದ್ದಕ್ಕೆ ಹೆದರುದು?"

ಅಂದಿನಿಂದ ಅದೇ ಪದ್ಧತಿ. ಹೊಸಬರು ಯಾರೇ ಬರಲಿ, ಮೊದಲ ಓವರ್ ಮುಗಿದ ಮೇಲೆಯೇ ಮ್ಯಾಟಿನ ಮೂಲೆ ಎತ್ತುವುದು. ಜಾರ್ಜ್ ಹೋದ ಮೇಲೆ ಎತ್ತುವವನು ಡೆಸ್ಮಂಡನೇ. ಇವತ್ತು ನೆರಳಿನ ಛತ್ರಿಯ ಕೆಳಗೆ ದೊರೆಸ್ವಾಮಿ ಕಪ್ಪು ಕನ್ನಡಕ ಹಾಕಿ ಕುಳಿತಿದ್ದರು, ಪಕ್ಕದಲ್ಲಿ ಯಜಮಾನರ ಮಗ ದಿಶ್ದಾಶಾ ಎಂಬ ಬಿಳಿ ನಿಲುವಂಗಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು. ರಾಯ್‌ಸ್ಟನ್ ಸ್ಟಂಪಿನಿಂದ ಹಿಂದಕ್ಕೆ ನಡೆಯತೊಡಗಿದ, ನಡೆದ, ಇನ್ನೂ ನಡೆದ. ಅಷ್ಟು ಹಿಂದೆ ಅವನು ಯಾವತ್ತೂ ನಿಂತದ್ದನ್ನು ಡೆಸ್ಮಂಡ್ ಕಂಡಿರಲಿಲ್ಲ. ಅಭಿ ತನ್ನ ಓಟವನ್ನು ಅಳೆದು ಗುರುತು ಹಾಕಿ ಮೈ ಕೊಡವಿಕೊಂಡ. ಸುಮ್ಮನೆ ಹೊರಟು ನೋಡುವುದಕ್ಕೆಂದು ಖಾಲಿ ಕೈಯಲ್ಲಿ ಅರ್ಧ ಓಡಿಬಂದ. ಜಲ್ಲಿಯ ಮೇಲೆ ಅವನ ಹೆಜ್ಜೆ ಬೀಳುತ್ತಿದ್ದುದೇ ಕೇಳಿಸಲಿಲ್ಲ. ಡೆಸ್ಮಂಡನ ಬಾಯಿ ಒಣಗಿತು. ಅವನಿಗೆ ಅದು ಸಂತೋಷವೆಂದೇ ಅನಿಸಿತ್ತು ಮೊದಲು. ಅಷ್ಟರಲ್ಲಿ ಎಲ್ಲಿಂದಲೋ ಇನ್ನೊಂದು ಯೋಚನೆ ಬಂತು: ಇವನು ನನ್ನ ಮನೆಯಲ್ಲಿ ಉಂಡವನು, ಇವನ ಕಾಲಿಗೆ ಏನಾದರೂ ಆದರೆ? ಗೊತ್ತಿದ್ದೂ ಹೇಳಲಿಲ್ಲ, ತನ್ನ ಜಾಗ ಉಳಿಸಿಕೊಳ್ಳಲು ಸುಮ್ಮನಿದ್ದ ಎನ್ನುವುದಿಲ್ಲವೇ ಜನ? ಯೋಚನೆ ಎಷ್ಟು ಒಳ್ಳೆಯದಾಗಿತ್ತೆಂದರೆ ಅದಕ್ಕೆ ಅಡ್ಡ ಬರುವಂಥದ್ದು ಏನೂ ಸಿಗಲಿಲ್ಲ. ಅವನು ನಡೆದುಹೋಗಿ ಅಭಿಯನ್ನು ಕರೆದ, ಮ್ಯಾಟಿನ ಮೂಲೆ ಎತ್ತಿದ.

"ಇಲ್ಲಿ ಸ್ವಲ್ಪ ಜಾಗ್ರತೆ, ಆಯ್ತಾ? ಎಂತ ಆಗುದಿಲ್ಲ. ಗೊತ್ತಿರ್ಲಿ ಅಂತ ಹೇಳಿದ್ದು."

ಅಭಿ ಬಗ್ಗಿ ಆ ಅಂಚನ್ನು ಬೆರಳಿನಿಂದ ಮುಟ್ಟಿದ. "ಥ್ಯಾಂಕ್ಸ್ ಅಣ್ಣಾ" ಎಂದ. ಮತ್ತೆ ಇನ್ನೊಮ್ಮೆ ಮುಟ್ಟಿದ.

ಆಮೇಲಿನದ್ದನ್ನು ನೋಡಲು ಡೆಸ್ಮಂಡನಿಗೆ ಕಷ್ಟವಾಯಿತು. ಓಟ ಅದೇ ಇತ್ತು, ಅರ್ಧದ ತನಕ. ಆಮೇಲೆ ಹೆಜ್ಜೆಗಳು ಸಣ್ಣಗಾದವು, ಗದ್ದ ಎದೆಗೆ ಇಳಿಯಿತು, ನೆಗೆಯುವ ಬದಲು ಅವನು ಗಟಾರ ದಾಟುವವನಂತೆ ಕಾಲು ಎತ್ತಿಟ್ಟ. ಮೊದಲ ಚೆಂಡು ಮ್ಯಾಟಿನ ಹೊರಗೆ ಬಿತ್ತು. ಎರಡನೆಯದಕ್ಕೆ ಗುರುತನ್ನು ಹಿಂದಕ್ಕೆ ಹಾಕಿಕೊಂಡ, ಮೂರನೆಯದಕ್ಕೆ ಮುಂದಕ್ಕೆ. ಕಾಲು ಗೆರೆ ದಾಟಿ ನೋಬಾಲ್, ಮತ್ತೆ ನೋಬಾಲ್. ರಾಯ್‌ಸ್ಟನ್ ಮುಂದಕ್ಕೆ ನಡೆದುಬಂದ, ಇನ್ನೂ ಮುಂದಕ್ಕೆ. ಛತ್ರಿಯ ಕೆಳಗೆ ಯಜಮಾನರ ಮಗ ಫೋನ್ ತೆಗೆದ. ಡೆಸ್ಮಂಡ್ ಮಿಡ್ ಆಫಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ, ಸಮಾಧಾನ, ಸಮಾಧಾನ ಎನ್ನುತ್ತಿದ್ದ. ಆ ಚಪ್ಪಾಳೆಯ ಸದ್ದು ತನ್ನದಲ್ಲ ಎಂಬಂತೆ ಅವನಿಗೇ ಕೇಳಿಸುತ್ತಿತ್ತು. ಬಿಸಿಲು ಏರುವ ಹೊತ್ತಿಗೆ ಯಜಮಾನರ ಮಗ ಎದ್ದು, "ಖಲಾಸ್" ಎಂದು ಎಲ್ಲರ ಕೈ ಕುಲುಕಿ, ಅಭಿಯ ಕೈಯನ್ನೂ ಕುಲುಕಿ, ಹೊರಟುಹೋದ.

ದೊರೆಸ್ವಾಮಿ ಡೆಸ್ಮಂಡನನ್ನು ಕಾರಿನ ಹತ್ತಿರ ಕರೆದುಕೊಂಡು ಹೋದರು. ಅವರಿಗೆ ಖುಷಿಯಾಗಿತ್ತು. ಅಷ್ಟು ದುಡ್ಡು ಉಳಿಯಿತಲ್ಲ, ಅವನು ಕಳಿಸಿದ್ದ ವಿಡಿಯೋದಲ್ಲಿ ಕಾಣುವುದೇ ಬೇರೆ, ಕಣ್ಣೆದುರು ಕಾಣುವುದೇ ಬೇರೆ ಎಂದರು. ಡೆಸ್ಮಂಡ್, ತಪ್ಪು ಆ ಹುಡುಗನದ್ದಲ್ಲ ಸಾರ್, ಅಂಚಿನ ವಿಷಯ ಮೊದಲೇ ಹೇಳಬಾರದಿತ್ತು, ನಾನು ಹೇಳಿಬಿಟ್ಟೆ, ಅದರಿಂದ ಹಾಗಾಯಿತು, ಇನ್ನೊಂದು ಸಲ ನೋಡಿ ಎಂದ. ದೊರೆಸ್ವಾಮಿ ಕನ್ನಡಕ ತೆಗೆದು ಅವನನ್ನು ನೋಡಿದರು. ಅವರ ಕಣ್ಣಲ್ಲಿ ಮೆಚ್ಚುಗೆಯಿತ್ತು. ಅಪಾಯ ಇದೆಯೆಂದು ಎದುರಾಳಿಗೆ ಎಚ್ಚರಿಕೆ ಹೇಳುವವನು, ಆಮೇಲೆ ಅವನ ಪರವಾಗಿ ವಾದಿಸುವವನು, ಇಂಥವರು ಎಲ್ಲಿ ಸಿಗುತ್ತಾರೆ ಎಂದರು. ಡೆಸ್ಮಂಡ್ ಇಲ್ಲ ಸಾರ್, ಇಲ್ಲ ಎನ್ನುತ್ತಲೇ ಇದ್ದ. ಅವರು ಅವನ ಹೆಗಲು ತಟ್ಟಿದರು.

"ನಿಂಗೆ ನೌಕರಿ ಭಯ ಇತ್ತೇನೋ ಅಂದ್ಕೊಂಡಿದ್ದೆ. ಇದ್ರೆ ಬಿಟ್ಬಿಡು. ನಿನ್ನನ್ನ ಬೌಲಿಂಗ್‌ಗೋಸ್ಕರ ಯಾರಯ್ಯ ಇಟ್ಕೊಂಡಿರೋದು? ಸ್ಟೋರು ನೋಡ್ಕೋತೀಯ ಅಂತ. ಬೌಲಿಂಗು, ಏನೋ, ಹಳಬ ಅಂತ ಕೊಡ್ತೀವಿ, ನೀನೂ ಬಂದು ಹಾಕ್ತೀಯ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದ್ದರು. ಕಾರು ಹೋದ ಮೇಲೂ ಡೆಸ್ಮಂಡ್ ಅಲ್ಲೇ ನಿಂತಿದ್ದ. ತಾನು ಕಾದುಕೊಂಡ ಜಾಗ ಅಲ್ಲಿರಲೇ ಇಲ್ಲ. ಯಾರೂ ಅದನ್ನು ಕಿತ್ತುಕೊಳ್ಳಲು ಬಂದಿರಲಿಲ್ಲ, ಏಕೆಂದರೆ ಅದು ಎಂದೋ ಹೋಗಿತ್ತು. ಹಳಬನಿಗೆ ಬೇಜಾರಾಗದಿರಲಿ ಎಂದು ಅವರೆಲ್ಲ ಅದರ ಸುದ್ದಿಯನ್ನು ಅವನಿಂದ ಮುಚ್ಚಿಟ್ಟಿದ್ದರು. ಬಹುಶಃ ರಾಯ್‌ಸ್ಟನ್ ಕೂಡ. ಬ್ಯಾಟ್ಸ್‌ಮನ್ನುಗಳು ಕೂಡ.

ಮಧ್ಯಾಹ್ನದ ದುಬೈ ಬಸ್ಸಿಗೆ ಅವನೇ ಅಭಿಯನ್ನು ಕರೆದುಕೊಂಡು ಹೋದ. ಇನ್ನೊಂದು ದಿನ ಇದ್ದು ಹೋಗು ಎಂದಿದ್ದ, ಅಭಿ ಬೇಡವೆಂದಿದ್ದ. ನಿಲ್ದಾಣದಲ್ಲಿ ಅಭಿ ಬೆಳಗಿನ ಮಾತುಗಳನ್ನೆಲ್ಲ ಖರ್ಚು ಮಾಡಿ ಮುಗಿಸಿದವನಂತೆ ಕುಳಿತಿದ್ದ. ಆಮೇಲೆ, ಅಣ್ಣಾ ನೀವು ಹೇಳಿದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ಕಾಲು ಮುರ್ಕೋತಿದ್ದೆ, ಆಗ ಊರಿಗೆ ಹೋಗಿ ಏನು ಮಾಡಲಿ ಎಂದ. ಡೆಸ್ಮಂಡ್ ಅದನ್ನು ಹಾಗೇ ಬಿಡಬಹುದಿತ್ತು. ಈ ಕೃತಜ್ಞತೆಯನ್ನು ಹೊತ್ತುಕೊಂಡು ಅವನು ಹೋದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ದೊರೆಸ್ವಾಮಿಯವರ ಮೆಚ್ಚುಗೆ ಮೈಮೇಲೆ ಅಂಟಿದ್ದು ಹೋಗದೆ ತುರಿಸುತ್ತಿತ್ತು.

"ಆ ಅಂಚಿನಿಂದ ಯಾರಿಗೂ ಎಂತದೂ ಆಗ್ಲಿಲ್ಲ ಅಭಿ. ಹೊಸಬರಿಗೆ ಮೊದಲೇ ಹೇಳುದಿಲ್ಲ ನಾವು, ಹೇಳಿದ್ರೆ ಹಾಕ್ಲಿಕ್ಕೆ ಆಗುದಿಲ್ಲ ಅಂತ. ಓವರ್ ಆದ ಮೇಲೆ ತೋರಿಸುದು. ನನಗೆ ಗೊತ್ತಿತ್ತು."

ಹೊರಡುವ ಹೊತ್ತಾಯಿತೆಂದು ಬಸ್ಸಿನ ಚಾಲಕ "ಯಲ್ಲಾ" ಎಂದು ಕೂಗಿದ. ಅಭಿ ಎದ್ದು ಚೀಲ ಹೆಗಲಿಗೇರಿಸಿದ. ಸಿಟ್ಟು ಬರುತ್ತದೆಂದು ಡೆಸ್ಮಂಡ್ ಕಾಯುತ್ತಿದ್ದ. ಸಿಟ್ಟು ಬಂದರೆ ಒಳ್ಳೆಯದೆಂದು ಬಯಸುತ್ತಿದ್ದ. ಅಭಿಯ ಮುಖದಲ್ಲಿ ಲೆಕ್ಕ ಅರ್ಥವಾಗದ ವಿದ್ಯಾರ್ಥಿಯ ಗೊಂದಲವಷ್ಟೇ ಇತ್ತು.

"ಮತ್ತೆ ಯಾಕಣ್ಣಾ ಹೇಳಿದ್ರಿ?"

ಅವನು ನಿಜವಾಗಿಯೂ ಉತ್ತರಕ್ಕಾಗಿ ನಿಂತಿದ್ದ. ಒಳ್ಳೆಯದಕ್ಕೇ ಎಂದರೆ ಸುಳ್ಳು, ಕೆಟ್ಟದ್ದಕ್ಕೆ ಎಂದರೂ ಪೂರ್ತಿ ನಿಜವಲ್ಲ. ಎರಡರ ನಡುವೆ ಹೆಬ್ಬೆರಳೆತ್ತರದ ಏನೋ ಇತ್ತು, ಅದರ ಮೇಲೆ ಕಾಲಿಟ್ಟು ನಿಲ್ಲುವುದು ಹೇಗೆಂದು ತಿಳಿಯಲಿಲ್ಲ. ಚಾಲಕ ಮತ್ತೊಮ್ಮೆ ಕೂಗಿದ. ಅಭಿ ಹತ್ತಿದ. ಕಿಟಕಿಯಿಂದ ಕೈ ಬೀಸುತ್ತಾನೆಂದು ಡೆಸ್ಮಂಡ್ ನೋಡುತ್ತ ನಿಂತ. ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು.

ಸಂಜೆ ಪೂಜೆಗೆ ಹೋಗಲಿಲ್ಲ. ಜೊವಿಟಾ ಫೋನ್ ಮಾಡಿ ಹುಡುಗನದ್ದು ಏನಾಯಿತು ಎಂದು ಕೇಳಿದಳು. ಆಗಲಿಲ್ಲ ಎಂದ. ಪಾಪ ಎಂದಳು. ಆಮೇಲೆ, ನಿಮ್ಮ ಜಾಗ ಉಳಿಯಿತಲ್ಲ, ಅಷ್ಟಾದರೂ ಆಯಿತು ಎಂದಳು. ಅವಳ ಹಿಂದೆ ವಾರ್ಡಿನ ಗಂಟೆ ಬಾರಿಸಿತು, ಅವಳು ಹೋದಳು. ಡೆಸ್ಮಂಡ್ ಪಕ್ಕದ ಕೋಣೆಯ ಮಂಚದ ಹಾಸಿಗೆ ಬದಲಿಸಲು ಹೋಗಿ, ಹೊದಿಕೆಯನ್ನು ಅಭಿ ಅಚ್ಚುಕಟ್ಟಾಗಿ ಮಡಚಿಟ್ಟಿದ್ದನ್ನು ಕಂಡು, ಮುಟ್ಟದೆ ಬಾಗಿಲು ಎಳೆದುಕೊಂಡ.

ಮುಂದಿನ ಶುಕ್ರವಾರ ಲೀಗಿನ ಪಂದ್ಯವಿತ್ತು. ಹೊಸ ಚೆಂಡನ್ನು ಎಂದಿನಂತೆ ಅವನ ಕೈಗೇ ಕೊಟ್ಟರು. ಗುಡ್ಡದ ಕಡೆಯ ತುದಿ, ಬೆನ್ನಿಗೆ ಗಾಳಿ. ರಾಯ್‌ಸ್ಟನ್ ಸ್ಟಂಪಿನ ಬೆನ್ನಿಗೆ ಕುಳಿತು ಗ್ಲೌಸು ತಟ್ಟಿದ. ಡೆಸ್ಮಂಡ್ ಚೆಂಡನ್ನು ಪ್ಯಾಂಟಿಗೆ ಉಜ್ಜಿ ಓಡತೊಡಗಿದ. ಇಷ್ಟು ವರ್ಷ ಅವನು ಓಡುವಾಗ ಕಂಡದ್ದು ಎದುರಿನ ಮೂರು ಕಡ್ಡಿಗಳನ್ನು ಮಾತ್ರ. ಅರ್ಧ ದೂರ ಬರುವಾಗ ಅವು ಇದ್ದವು. ಆಮೇಲೆ ಏನಾಯಿತೋ, ತಲೆ ತಾನಾಗಿ ಬಗ್ಗಿತು. ಹಸಿರು ಮ್ಯಾಟಿನ ತುದಿ ಕಂಡಿತು, ಅದರ ಕೆಳಗೆ ಅಂಚು ಇರುವ ಜಾಗ ಬೆಳಕು ಬಿಟ್ಟಷ್ಟು ಸ್ಪಷ್ಟವಾಗಿ ಕಂಡಿತು. ಅವನ ಕಾಲು ಗಾಳಿಯಲ್ಲಿ ಯೋಚಿಸಿತು. ಅವನು ನಿಂತುಬಿಟ್ಟ, ಚೆಂಡು ಕೈಯಲ್ಲೇ ಇತ್ತು. ಅಂಪೈರ್ ತೊಂದರೆಯಿಲ್ಲ ಎಂದು ಕೈ ಮಾಡಿದ. ರಾಯ್‌ಸ್ಟನ್ ಅಲ್ಲಿಂದಲೇ, ಹಿರಿಯರನ್ನು ಕರೆಯುವ ಮರ್ಯಾದೆಯಿಂದ, "ಎಂತ ಆಯ್ತು ಡೆಸ್ಮಂಡ್ ಬಾಬ್?" ಎಂದು ಕೇಳಿದ. ಎಂತ ಇಲ್ಲ, ಹೆಜ್ಜೆ ತಪ್ಪಿತು ಎಂದ. ಯಾರೂ ನಗಲಿಲ್ಲ. ಹಳಬನಿಗಾಗಿ ಕಾಯುವುದು ಅವರಿಗೆಲ್ಲ ಅಭ್ಯಾಸವಿತ್ತು. ಅವನು ಗುರುತಿನತ್ತ ತಿರುಗಿ ನಡೆದ, ಪ್ರತಿ ಹೆಜ್ಜೆಯೂ ಎಲ್ಲಿ ಬೀಳುತ್ತಿದೆ ಎಂದು ನೋಡಿಕೊಳ್ಳುತ್ತ.